ನಿಘಂಟಿಗೆ ಪದ ಕೊಡುವವರು

ಸಂಬಳದ ಆಸೆಯಿಲ್ಲದೆ, ಕೇವಲ ನುಡಿಯ ಮೇಲಣ ಮಮತೆಯಿಂದ ನಿಘಂಟಿಗೆ ಪದಗಳನ್ನು ಕೂಡಿಸಿಕೊಡುವವರು, ತಮಗೆ ಯಾವ ಭಾಷೆ ತಾಯಿಯ ಮಡಿಲಿನಿಂದ ಬಂದದ್ದು, ಯಾವುದು ಪೇಟೆಯಲ್ಲಿ ಕಿವಿಗೆ ಬಿದ್ದು ನಾಲಗೆಗೆ ಹತ್ತಿದ್ದು, ಯಾವುದು ಪುಸ್ತಕದಿಂದ ಕಲಿತದ್ದು ಎಂಬುದನ್ನು ಮೊದಲೇ ಹೇಳಿಕೊಳ್ಳುವ ರೂಢಿಯೊಂದು ವಿಕ್ಷನರಿಯಂತಹ ಸಾರ್ವಜನಿಕ ನಿಘಂಟುಗಳಲ್ಲಿ ಬೆಳೆದುಬಂದಿದೆ. ಬಹಳ ಒಳ್ಳೆಯ ರೂಢಿ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯವರಿಗೆ ಇದೇ ಪ್ರಶ್ನೆಯನ್ನು ಕೇಳಿದರೆ ಒಂದು ಸಾಲಿನ ಉತ್ತರ ಸಾಲದು.

ಇಲ್ಲಿ ಊರಿನ ನುಡಿ ತುಳು. ಶಾಲೆ, ಕಚೇರಿ, ಯಕ್ಷಗಾನದ ರಂಗಸ್ಥಳ ಇವುಗಳ ನುಡಿ ಕನ್ನಡ. ಬಂಟ್ವಾಳದ ಪೇಟೆಯಲ್ಲಿ ಗೌಡ ಸಾರಸ್ವತರ ಕೊಂಕಣಿ ಒಂದು ಬಗೆಯಾದರೆ, ಇಗರ್ಜಿಯ ಸುತ್ತಲಿನ ಕ್ರೈಸ್ತರ ಕೊಂಕಣಿ ಇನ್ನೊಂದು ಬಗೆ. ವಿಟ್ಲದ ಕಡೆಯ ಅಡಕೆ ತೋಟಗಳಲ್ಲಿ ಹವ್ಯಕ ಕನ್ನಡವೂ ಕರಾಡರ ಮನೆಮಾತೂ ಉಂಟು. ಅಂಗಡಿಬೀದಿಯಲ್ಲಿ ಬ್ಯಾರಿ ಭಾಷೆ ಕೇಳಿಬರುತ್ತದೆ. ಬೆಳ್ತಂಗಡಿ ತಾಲೂಕಿನ ಮುಂಡಾಜೆಗೆ ಹೋದರೆ ಚಿತ್ಪಾವನರ ಮಾತು ಇಂದಿಗೂ ಮನೆಯೊಳಗೆ ಜೀವಂತವಾಗಿದೆ. ಘಟ್ಟದ ಬುಡದಲ್ಲಿ ಮಲೆಕುಡಿಯರಿದ್ದಾರೆ. ಒಂದೇ ದಿನದಲ್ಲಿ, ಮನೆಯಿಂದ ಹೊರಟು ಪೇಟೆಯ ಕೆಲಸ ಮುಗಿಸಿ ಹಿಂದಿರುಗುವುದರೊಳಗೆ, ನಾಲ್ಕು ಭಾಷೆಗಳಲ್ಲಿ ಮಾತಾಡಿಯೂ ತಾನು ಬಹುಭಾಷಾವಿದನೆಂದು ಒಮ್ಮೆಯೂ ಎಣಿಸದವರು ಇಲ್ಲಿ ಎಷ್ಟೋ ಮಂದಿ. ನಿಘಂಟಿಗೆ ಬೇಕಾದ ಯೋಗ್ಯತೆಯ ಅರ್ಧ ಇವರಲ್ಲಿ ಸಹಜವಾಗಿಯೇ ಸಿದ್ಧವಾಗಿರುತ್ತದೆ.

1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ಇಲ್ಲಿ ನೆನೆಯದಿರಲಾರೆ. ಕೊಂಕಣಿ ಮನೆಮಾತಿನ ಸಾರಸ್ವತ ಕುಟುಂಬದಲ್ಲಿ ಜನಿಸಿ, ತುಳು ನಾಡಿನ ಗಾಳಿಯಲ್ಲಿ ಬೆಳೆದು, ಕನ್ನಡದ ಮಕ್ಕಳಿಗೆ ಕನ್ನಡದ ಸವಿಯನ್ನು ಉಣಬಡಿಸಿದ ಆ ಮಹನೀಯರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಒಂದು ಭಾಷೆಯನ್ನು ಇನ್ನೊಂದರ ದಡದಲ್ಲಿ ನಿಂತು ಆಲಿಸಬಲ್ಲವನಿಗೆ ಅದರ ನಾದ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆಂಬ ನನ್ನ ನಂಬಿಕೆಗೆ ಅವರ ಶಿಶುಗೀತೆಗಳೇ ಆಧಾರ.

ಉಳಿದರ್ಧ ಯೋಗ್ಯತೆಯನ್ನು ಮಾತ್ರ ದುಡಿದು ಸಂಪಾದಿಸಬೇಕು. ಗದ್ದೆಗಳ ಹೆಸರನ್ನೇ ತೆಗೆದುಕೊಳ್ಳೋಣ. ಘಟ್ಟದ ಮೇಲಿನ ಕನ್ನಡಿಗನೊಬ್ಬನು 'ಬೆಟ್ಟು' ಎಂಬ ಪದವನ್ನು ಕೇಳಿದಾಕ್ಷಣ ಬೆಟ್ಟವನ್ನು ನೆನೆದು, ಗುಡ್ಡವೆಂದು ಅರ್ಥ ಬರೆದು ಮುಂದೆ ಸಾಗಬಹುದು. ಆದರೆ ಇಲ್ಲಿ ಬೈಲು, ಮಜಲು, ಬೆಟ್ಟು ಎಂಬವು ನೀರಿನ ಆಶ್ರಯವನ್ನು ನೋಡಿ ಭೂಮಿಗೆ ಇಟ್ಟ ಮೂರು ದರ್ಜೆಗಳು: ತಗ್ಗಿನಲ್ಲಿದ್ದು ಬೇಸಗೆಯಲ್ಲೂ ತೇವ ಆರದ ಬೈಲುಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ, ಅದಕ್ಕಿಂತ ತುಸು ಎತ್ತರದ ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟುಗದ್ದೆಯಲ್ಲಿ ಏಣೆಲು ಒಂದೇ. ಈ ಮೂರೂ ಹೆಸರುಗಳು ಒಂದನ್ನೊಂದು ಆತುಕೊಂಡು ನಿಂತಿವೆಯಾದುದರಿಂದ ಒಂದನ್ನು ಬಿಡಿಯಾಗಿ ಕಿತ್ತು ತಂದರೆ ಅದು ಬಾಡುತ್ತದೆ. ಪದ ತರುವವನು ಗದ್ದೆಯ ಹುಣಿಯ ಮೇಲೆ ನಿಂತು, ಉತ್ತವನನ್ನು ಕೇಳಿ, ಪದ, ಅರ್ಥ, ಅದನ್ನಾಡಿದ ಊರು, ಆಡಿದವರ ಸಮುದಾಯ, ಆಡಿದ ವಾಕ್ಯ ಎಲ್ಲವನ್ನೂ ಚೀಟಿಯಲ್ಲಿ ಗುರುತಿಸಿಕೊಳ್ಳಬೇಕು. ವಾಕ್ಯವಿಲ್ಲದ ಚೀಟಿಯ ಮೇಲೆ ನನಗೆ ವಿಶ್ವಾಸ ಕಡಮೆ.

ಹಾಗೆಂದು ಹುಟ್ಟುನುಡಿಯವನಿಗೆ ಮಾತ್ರವೇ ಈ ಅಧಿಕಾರವೆಂದು ಹೇಳುವುದು ಕೃತಘ್ನತೆಯಾದೀತು. 1886ರಲ್ಲಿ ಮಂಗಳೂರಿನಲ್ಲಿ ತುಳು–ಇಂಗ್ಲಿಷ್ ನಿಘಂಟನ್ನು ಹೊರತಂದ ಮ್ಯಾನರ್, 1894ರಲ್ಲಿ ಕನ್ನಡದ ಮಹಾಕೋಶವನ್ನು ಕೊಟ್ಟ ಕಿಟ್ಟೆಲ್, ಇಬ್ಬರೂ ಜರ್ಮನ್ ನುಡಿಯವರು. ಕೇಳಿ ಕೇಳಿ ಕಲಿತವರು. ಅವರ ಹಿಂದೆ ಪದ ಹೇಳಿಕೊಟ್ಟ ನಮ್ಮವರ ಪೈಕಿ ಬಹುಮಂದಿಯ ಹೆಸರು ಜನಕ್ಕೆ ತಿಳಿಯದು. ಆಮೇಲೆ, ಆಫ್ರಿಕದ ಡಕಾರಿನಲ್ಲಿ ಕೆಲಸ ಮಾಡಿ ಬಂದ ಭಾಷಾಶಾಸ್ತ್ರಜ್ಞ ಯು. ಪಿ. ಉಪಾಧ್ಯಾಯರು ಪತ್ನಿ ಸುಶೀಲಾ ಉಪಾಧ್ಯಾಯರೊಡನೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಕುಳಿತು ದುಡಿದುದರ ಫಲವಾಗಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟು ಬೆಳಕಿಗೆ ಬಂದಿತು. ಪ್ರದೇಶಭೇದ, ಸಮುದಾಯಭೇದಗಳನ್ನು ಅದು ಎಷ್ಟು ಗೌರವದಿಂದ ಕಂಡಿತೆಂಬುದನ್ನು ಪುಟ ತಿರುವಿದವರೇ ಬಲ್ಲರು.

ಮೂಡುಬಿದಿರೆ ಇನ್ನೊಂದು ಪಾಠವನ್ನು ಕಲಿಸುತ್ತದೆ. ಅಲ್ಲಿ ಶತಮಾನಗಳ ಕಾಲ ರಕ್ಷಿತವಾಗಿ ಉಳಿದ, ಜೈನರ ಧವಲಾ ಗ್ರಂಥಗಳ ತಾಳೆಗರಿಗಳಲ್ಲಿ ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಲಿಪಿಯನ್ನು ಬಲ್ಲವನು ಭಾಷೆಯನ್ನು ಅರಿಯನು, ಭಾಷೆಯನ್ನು ಅರಿತವನಿಗೆ ಲಿಪಿ ತೊಡಕಾಗುವುದು. ಎರಡೂ ಉಳ್ಳವರು ವಿರಳ. ಆದಕಾರಣ ಒಬ್ಬನು ತನ್ನ ಪರಿಚಯದಲ್ಲಿ 'ಓದಬಲ್ಲೆ, ಆಡಲಾರೆ' ಎಂದೋ 'ಆಡಬಲ್ಲೆ, ಬರೆಯಲಾರೆ' ಎಂದೋ ಬಿಚ್ಚಿ ಹೇಳಿಕೊಂಡರೆ ಸಂಪಾದಕನಿಗೆ ಅದರಿಂದಾಗುವ ಉಪಕಾರ ಅಲ್ಪವಲ್ಲ.

ಇಂದು ಬೈಲುಗಳು ಅಡಕೆ ತೋಟಗಳಾಗುತ್ತಿವೆ. ನಲ್ವತ್ತೆರಡು ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಗುಂಡಗೆ ಮಾಡಿ ಮುಡಿ ಕಟ್ಟಬಲ್ಲ ಕೈಗಳು ವೃದ್ಧವಾಗಿವೆ. ನೇತ್ರಾವತಿಯಲ್ಲಿ ಬಂಟ್ವಾಳಕ್ಕೆ ಸರಕು ತರುತ್ತಿದ್ದ ದೋಣಿಗಳ ಕಾಲ ಎಂದೋ ಮುಗಿದಿದೆ. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಚಿತ್ಪಾವನಿಯನ್ನೋ ಆಡುವ, ಕನ್ನಡದಲ್ಲಿ ಶುದ್ಧವಾಗಿ ಬರೆಯಬಲ್ಲ ತರುಣ ತರುಣಿಯರು ಈ ಮೂರು ಊರುಗಳ ಕಾಲೇಜುಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರು ಮೊದಲು ಮುಡಿ ಕಟ್ಟಿದವರ ಬಳಿ, ಆಮೇಲೆ ದೋಣಿಯವರ ಮಕ್ಕಳ ಬಳಿ, ತಡಮಾಡದೆ ಮಲೆಕುಡಿಯರ ಹಿರಿಯರ ಬಳಿ ಹೋಗಿ ಕುಳಿತುಕೊಳ್ಳಬೇಕೆಂಬುದು ನನ್ನ ಆಗ್ರಹಪೂರ್ವಕವಾದ ಪ್ರಾರ್ಥನೆ.