ಚಾರ್ಮಾಡಿ ಇಳಿಯುವ ಮುನ್ನ

ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸದೆ ಚಾರ್ಮಾಡಿ ಘಾಟಿ ಇಳಿದವರು ಕಡಿಮೆ. ನೀರುದೋಸೆ ತಿನ್ನೋರು, ಮಂಜು ಕರಗಲಿ ಅಂತ ಕಾಯೋರು, ತಿರುವಿನಲ್ಲಿ ಹೊಟ್ಟೆ ತೊಳಸದಿರಲಿ ಅಂತ ನಿಂಬೆಹಣ್ಣು ಕೊಳ್ಳೋರು. ಮೂಡಿಗೆರೆಯಿಂದ ಸುಮಾರು 20 ಕಿ.ಮೀ. ದೂರದ ಪುಟ್ಟ ಊರು ಇದು. ಘಟ್ಟದ ಈಚೆ ಬಿದ್ದ ಮಳೆ ಹೇಮಾವತಿ ಸೇರಿ ಮೂಡಣಕ್ಕೆ, ಆಚೆ ಬಿದ್ದದ್ದು ನೇತ್ರಾವತಿ ಸೇರಿ ಪಡುವಣ ಕಡಲಿಗೆ. ಹೋದ ಕಾರ್ತಿಕದಲ್ಲಿ ಇಲ್ಲಿ ದೋಸೆಗೆ ನಿಂತದ್ದರಿಂದಲೇ ನಾವೆಲ್ಲ ಉಳಿದೆವು ಅಂತ ನಾನು ಇವತ್ತಿಗೂ ನಂಬಿದ್ದೇನೆ.

ನಮ್ಮದು ಬಣಕಲ್ ಕಡೆಯ ಸಣ್ಣ ಕಾಫಿ ತೋಟ. ಗೊಬ್ಬರ ತರುವುದಕ್ಕೂ ಅದೇ, ಕಾಫಿ ಮೂಟೆ ಸಾಗಿಸುವುದಕ್ಕೂ ಅದೇ ಎನ್ನುವ ಹಾಗೆ ಹದಿನಾಲ್ಕು ವರ್ಷದ ಒಂದು ಪಿಕಪ್ ಇದೆ. ತೋಟದ ಮಣ್ಣುದಾರಿಯ ಕಲ್ಲು, ಗುಂಡಿ ಎಲ್ಲವನ್ನೂ ತಿಂದು ಬದುಕಿದ ಗಾಡಿ. ಮಗ ಬಂದಾಗಲೆಲ್ಲ "ಮಾರಿಬಿಡಿ ಅಪ್ಪಾ" ಅಂತಾನೆ. ಇವರು ಕೇಳಲ್ಲ.

ಆ ದಿನ ಧರ್ಮಸ್ಥಳದ ಲಕ್ಷದೀಪಕ್ಕೆ ಹೊರಟಿದ್ದೆವು. ಮುಂದೆ ನಾವಿಬ್ಬರು, ಹಿಂದೆ ಚಾಪೆ ಹಾಸಿಕೊಂಡು ತೋಟದ ಆರು ಹೆಣ್ಣಾಳುಗಳು. ಸಾಮಾನಿನ ಗಾಡಿಯಲ್ಲಿ ಜನರನ್ನು ಕೂರಿಸುವುದು ತಪ್ಪು ಅಂತ ಗೊತ್ತಿಲ್ಲದೆ ಏನಲ್ಲ. "ನಮ್ಮೂರಿನಲ್ಲಿ ಎಲ್ಲರೂ ಹೋಗೋದು ಹೀಗೇ ಅಲ್ವಾ" ಅಂತ ನಮಗೆ ನಾವೇ ಹೇಳಿಕೊಂಡಿದ್ದೆವು.

ದೋಸೆ ತಿಂದು ಕೈ ತೊಳೆಯುವಾಗ, ನಾವೆಲ್ಲ ದೊಡ್ಡಕ್ಕ ಅಂತ ಕರೆಯುವ ಹಿರಿಯಾಕೆ ನನ್ನ ಹತ್ತಿರ ಬಂದರು. "ಅಮ್ಮಾ, ಬಲಗಡೆ ಚಕ್ರದ ಹತ್ರ ಕಿರ್ರ್ ಅನ್ನೋದು ಇವತ್ತು ಜಾಸ್ತಿಯಾಗಿದೆ. ಗುಂಡಿಗಿಳಿದ್ರೆ ಕಬ್ಬಿಣ ಕಬ್ಬಿಣಕ್ಕೆ ಬಡಿತದೆ" ಅಂದರು. ನನಗೆ ಮುಖ ಬಿಸಿಯಾಯಿತು. ಇದೇ ಮಾತನ್ನು ಅವರು ಮಳೆಗಾಲಕ್ಕೆ ಮುಂಚೆಯೂ ಹೇಳಿದ್ದರು. "ಹಳೇ ಗಾಡಿ ಅಂದ್ಮೇಲೆ ಸದ್ದು ಇರಲ್ವಾ" ಅಂತ ಇವರು ನಕ್ಕಿದ್ದರು. ನಾನೂ ನಕ್ಕಿದ್ದೆ.

ಇವರು ಬಗ್ಗಿ ನೋಡಿದರು. ಬಲಗಡೆ ಗಾಡಿ ಒಂದು ಗೇಣು ತಗ್ಗಿದಂತೆ ಕಾಣುತ್ತಿತ್ತು. ಒಂದರ ಮೇಲೊಂದು ಜೋಡಿಸಿದ ಪ್ಲೇಟುಗಳಲ್ಲಿ ಎರಡನೆಯದು ಮುರಿದು, ಮುರಿದ ಜಾಗದಲ್ಲಿ ತುಕ್ಕಿನ ಕೆಂಪು ಗೆರೆ. ಅಂದರೆ ಇವತ್ತು ಮುರಿದದ್ದಲ್ಲ. ಇವರು ಎದ್ದು ನಿಂತಾಗ ಮುಖದಲ್ಲಿ ರಕ್ತ ಇರಲಿಲ್ಲ. ಮುಂದಿದ್ದದ್ದು ಹೇರ್‌ಪಿನ್ ತಿರುವುಗಳ ಘಾಟಿ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮುಚ್ಚಿದ್ದ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಮಂಜು.

ಹೆಂಗಸರನ್ನೆಲ್ಲ ಧರ್ಮಸ್ಥಳದ ಬಸ್ಸಿಗೆ ಹತ್ತಿಸಿದೆವು. ನಾವಿಬ್ಬರು ಖಾಲಿ ಗಾಡಿಯನ್ನು ನಿಧಾನಕ್ಕೆ ಮೂಡಿಗೆರೆಗೆ ತಿರುಗಿಸಿದೆವು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಆ ಕಿರ್ರ್ ಸದ್ದು ಮೊದಲ ಸಲ ನನಗೂ ಸ್ಪಷ್ಟವಾಗಿ ಕೇಳುತ್ತಿತ್ತು.

ಗ್ಯಾರೇಜಿನ ಮೇಸ್ತ್ರಿ ನಮಗೆ ಹಳೇ ಪರಿಚಯ. ಜಾಕ್ ಏರಿಸಿ, ಚಾಸಿಸ್ ಕೆಳಗೆ ಸ್ಟ್ಯಾಂಡ್ ಕೊಟ್ಟರು. ಜಾಕ್ ಒಂದನ್ನೇ ನಂಬಿ ಅವರು ಯಾವತ್ತೂ ಗಾಡಿ ಕೆಳಗೆ ಹೋಗಲ್ಲ. ತುಕ್ಕು ಹಿಡಿದ ಯು ಬೋಲ್ಟ್‌ಗಳಿಗೆ ಎಣ್ಣೆ ಬಿಟ್ಟು ಚಹಾ ಕುಡಿಯುವಷ್ಟು ಹೊತ್ತು ಕಾದು, ಆಮೇಲೆ ಬಿಚ್ಚಿದರು. ಪ್ಲೇಟ್ ಸೆಟ್ ನೆಲಕ್ಕಿಳಿಸಿ ಬಟ್ಟೆಯಿಂದ ಒರೆಸಿ ನನ್ನನ್ನು ಕರೆದರು. "ಇಲ್ಲಿ ನೋಡಿ ಅಮ್ಮ."

ಎಲ್ಲಕ್ಕಿಂತ ಉದ್ದದ ಮೈನ್ ಪ್ಲೇಟಿನ ತುದಿಯನ್ನು ಬಳೆಯ ಹಾಗೆ ಸುತ್ತಿರುತ್ತಾರೆ. ಅದರೊಳಗೆ ರಬ್ಬರ್ ಬುಶ್. ನಮ್ಮ ಗಾಡಿಯ ಬುಶ್ ಸವೆದು ಚೂರಾಗಿ, ಕಬ್ಬಿಣವೇ ಕಬ್ಬಿಣವನ್ನು ತಿನ್ನುತ್ತಿತ್ತು. ಮುಂದಿನ ಬಳೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು.

"ಹಿಂದಿನ ಆಕ್ಸಲ್‌ನ ಜಾಗದಲ್ಲಿ ಹಿಡಿದಿಡೋದೇ ಇದು. ಇದು ಬಿಟ್ರೆ ಆ ಕಡೆ ಚಕ್ರ ಹಿಂದಕ್ಕೆ ಸರಿಯುತ್ತೆ, ಗಾಡಿ ತಾನಾಗೇ ಪಕ್ಕಕ್ಕೆ ಎಳೆಯುತ್ತೆ. ಘಾಟಿಯಲ್ಲಿ ಬ್ರೇಕ್ ಒತ್ತುವಾಗ ಆಗಿದ್ರೆ?" ಮೇಸ್ತ್ರಿ ಅಲ್ಲಿಗೆ ನಿಲ್ಲಿಸಿದರು. ಇವರು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಬಲಗಡೆಯದ್ದು ಮಾತ್ರ ಬದಲಿಸಿದರೆ ಸಾಲದೆ ಅಂತ ನಾನು ಕೇಳಿದೆ. ಮೇಸ್ತ್ರಿ ತಲೆಯಾಡಿಸಿದರು. ಒಂದು ಕಡೆ ಹೊಸ ಪ್ಲೇಟು ಬಿಗಿಯಾಗಿ, ಇನ್ನೊಂದು ಕಡೆ ಹಳೆಯದು ತಗ್ಗಿ ನಿಂತರೆ ಗಾಡಿ ವಾಲುತ್ತೆ, ಟೈರೂ ಒಂದೇ ಕಡೆ ಸವೆಯುತ್ತೆ. ಹಾಗಾಗಿ ಎರಡೂ ಕಡೆ ಪ್ಲೇಟ್ ಸೆಟ್, ಬುಶ್, ಶಾಕ್ ಅಬ್ಸಾರ್ಬರ್ ಎಲ್ಲ ಜೋಡಿಯಾಗಿ ಬಂದವು. ಒಮ್ಮೆ ಬಿಗಿದು ಎಳೆದ ಯು ಬೋಲ್ಟನ್ನು ಮತ್ತೆ ಹಾಕಬಾರದು ಅಂತ ಅದೂ ಹೊಸದು. ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಿದರು. ಬುಶ್‌ನ ಬೋಲ್ಟುಗಳನ್ನು ಮಾತ್ರ ಸಡಿಲ ಬಿಟ್ಟು, ಗಾಡಿ ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿದರು. ಮೇಲೆತ್ತಿದ ಹಾಗೇ ಬಿಗಿದರೆ ಇಳಿಸಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದಂತೆ.

ಎರಡು ದಿನದ ಕೆಲಸ. ಖರ್ಚು ಹೊಸ ಗಾಡಿಯ ಒಂದು ತಿಂಗಳ ಕಂತಿಗಿಂತ ಕಡಿಮೆ. ಇಷ್ಟಕ್ಕೇ ನಾವು ಕಾಫಿ ಮಾರಲಿ, ಮೆಣಸಿನ ದುಡ್ಡು ಬರಲಿ ಅಂತ ಆರು ತಿಂಗಳು ಮುಂದೂಡಿದ್ದು.

ಹದಿನೈದು ದಿನ ಬಿಟ್ಟು ಮತ್ತೆ ಘಾಟಿ ಇಳಿದೆವು, ಉಜಿರೆಯಿಂದ ತೆಂಗಿನ ಸಸಿ ತರಲು. ಈ ಸಲ ಹಿಂದೆ ಯಾರೂ ಇರಲಿಲ್ಲ. ಸೀಟಿನಲ್ಲಿ ನಮ್ಮಿಬ್ಬರ ನಡುವೆ ದೊಡ್ಡಕ್ಕ. "ನಾನ್ಯಾಕೆ ಮುಂದೆ" ಅಂತ ಸಂಕೋಚಪಟ್ಟವರನ್ನು ಇವರೇ ಬಲವಂತ ಮಾಡಿ ಹತ್ತಿಸಿದ್ದರು. ಅಣ್ಣಪ್ಪ ಸ್ವಾಮಿ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕೈ ಮುಗಿದೆವು. ಬಂಡೆಯಿಂದ ಸಣ್ಣಗೆ ನೀರು ಜಿನುಗುತ್ತಿತ್ತು, ಮಂಜು ಸರಿದು ಕಣಿವೆ ಹಸಿರಾಗಿ ಕಾಣುತ್ತಿತ್ತು.

"ಹೇಗಿದೆ ದೊಡ್ಡಕ್ಕ, ಸದ್ದೇನಾದ್ರೂ ಕೇಳ್ತಾ?" ಅಂತ ಇವರು ಕೇಳಿದರು. ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು, "ಇಲ್ಲ ಅಯ್ಯಾ, ಈಗ ನೀವು ಮಾತಾಡೋದು ಮಾತ್ರ ಕೇಳ್ತದೆ" ಅಂದರು. ಮೂವರೂ ನಕ್ಕೆವು.

ಐನೂರು ಕಿ.ಮೀ. ಆದ ಮೇಲೆ ಬನ್ನಿ ಅಂದಿದ್ದರು ಮೇಸ್ತ್ರಿ. ಹೊಸ ಪ್ಲೇಟುಗಳು ಒಂದಕ್ಕೊಂದು ಕೂತ ಮೇಲೆ ಯು ಬೋಲ್ಟ್ ಸಡಿಲವಾಗುತ್ತದಂತೆ. ಹೋದಾಗ ನಟ್ಟು ನಿಜಕ್ಕೂ ಅರ್ಧ ಸುತ್ತು ತಿರುಗಿತು.

ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ದರೆ, ಘಾಟಿಗೆ ಹೊರಡುವ ಮುನ್ನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹಿಂದಿನಿಂದ ಒಮ್ಮೆ ನೋಡಿ. ಒಂದು ಕಡೆ ತಗ್ಗಿದೆಯಾ? ಪ್ಲೇಟುಗಳ ಮೇಲೆ ಕೆಂಪು ಗೆರೆ ಇದೆಯಾ? ತೋಟದಲ್ಲಿ, ಮನೆಯಲ್ಲಿ ಯಾರಾದರೂ "ಏನೋ ಸದ್ದು ಬರ್ತಿದೆ" ಅಂದರೆ ದಯವಿಟ್ಟು ನಗಬೇಡಿ. ನಾವು ಹಾಗೆ ನಕ್ಕವರೇ. ಈಗ ನಮ್ಮ ಆಳುಗಳು ಜಾತ್ರೆಗೆ ಹೋಗುವುದು ಬಸ್ಸಿನಲ್ಲಿ, ಟಿಕೆಟ್ ದುಡ್ಡು ನಮ್ಮದು.