ಹಿಟ್ಟಿನ ಗಿರಣಿಯ ಪಕ್ಕದ ಗಣಕಯಂತ್ರ

ಮನೆಯ ಹಳೆಯ ಗಣಕಯಂತ್ರ ನಿಧಾನವಾಗಿದೆ ಎಂದು ಯಾರ ಹತ್ತಿರವಾದರೂ ಹೇಳಿ ನೋಡಿ, ಎರಡೇ ಉತ್ತರ ಸಿಗುತ್ತವೆ. ‘ಹೊಸದು ತಗೊಳ್ಳಿ’ ಎನ್ನುವುದು ಅಂಗಡಿಯವರದು. ‘ಭಂಗಾರಕ್ಕೆ ಹಾಕಿ’ ಎನ್ನುವುದು ಮನೆಯ ಹಿರಿಯರದು. ನಮ್ಮ ಬೆಳಗಾವಿ ಸೀಮೆಯಲ್ಲಿ ಗುಜರಿ ಸಾಮಾನಿಗೆ ಭಂಗಾರ ಎನ್ನುತ್ತಾರೆ. ಬಂಗಾರಕ್ಕೂ ಭಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣದಷ್ಟೇ ಅಂತರ. ಆದರೆ ಯಂತ್ರದ ಯಾವ ಭಾಗ ನಿಧಾನವಾಗಿದೆ, ಏಕೆ ನಿಧಾನವಾಗಿದೆ ಎಂದು ಕೇಳುವವರು ಮಾತ್ರ ಅಪರೂಪ.

ನಾನಿರುವುದು ಖಾನಾಪುರ ತಾಲೂಕಿನ ಬೀಡಿಯಲ್ಲಿ. ಇಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಒಂದು ಕುಟುಂಬದ ಹುಡುಗ 2024ರಲ್ಲಿ ಹತ್ತನೆಯ ತರಗತಿ ಮುಗಿಸಿದ. ಬೇಸಿಗೆ ರಜೆ ಬಂದದ್ದೇ ತಡ, ಮನೆಯಲ್ಲಿ ಜಗಳ ಶುರುವಾಯಿತು. ಅಕ್ಕನ ಡಿಪ್ಲೊಮಾ ಓದಿಗೆಂದು 2013ರಲ್ಲಿ ಕೊಂಡ ಡೆಸ್ಕ್‌ಟಾಪ್ ಅವನ ಆಟಕ್ಕೆ ಸಾಲುತ್ತಿರಲಿಲ್ಲ. ಹೊಸದಕ್ಕೆ ಅಂಗಡಿಯವರು ಹೇಳಿದ ಬೆಲೆ 65,000 ರೂಪಾಯಿ. ತಾಯಿ ಮಹಿಳಾ ಸಂಘದಲ್ಲಿ ಸಾಲ ಎತ್ತಲು ತಯಾರಾಗಿದ್ದರು. ತಂದೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, “ಸರ್ರ, ಹುಡುಗ ಓದೂದು ಬಿಟ್ಟು ಹಗಲೆಲ್ಲಾ ಬಸ್ ಹೊಡಿಯಾಕ ಹತ್ತ್ಯಾನ್ರಿ. ಬಸ್ ಸುದ್ಧಾ ಓಡವಲ್ದು. ಇದಕ್ಕ ಸಾಲ ಬ್ಯಾರೆ!” ಎಂದರು.

ಬಸ್ಸಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಎಂಬ ಕಂಪನಿ 2012ರಲ್ಲಿ ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಎಂಬ ಆಟ ಹೊರತಂದಿತು. ಯುರೋಪಿನ ರಸ್ತೆಗಳಲ್ಲಿ ಲಾರಿ ಓಡಿಸುವ ಆಟ. ಅದಕ್ಕೆ ಹೊಸ ವಾಹನ, ಹೊಸ ರಸ್ತೆ, ಹೊಸ ಹಾರ್ನು ತಯಾರಿಸಿ ಸೇರಿಸಲು ಹವ್ಯಾಸಿಗಳಿಗೆ ಅವಕಾಶವಿದೆ. ಹೀಗೆ ಸೇರಿಸುವ ಸರಕಿಗೆ ‘ಮಾಡ್’ ಎಂದು ಹೆಸರು. ಕಂಪನಿ ಕೊಟ್ಟ ಟ್ರ್ಯಾಕ್ಟರಿಗೆ ನಮ್ಮ ರೈತರು ಟೇಪು, ಬಣ್ಣದ ದೀಪ, ಮಡ್‌ಗಾರ್ಡಿನ ಮೇಲೆ ಮಗಳ ಹೆಸರು ಎಲ್ಲ ಸೇರಿಸುವುದಿಲ್ಲವೇ, ಹಾಗೆಯೇ ಇದು. ಕರ್ನಾಟಕ, ಕೇರಳದ ಹುಡುಗರು ನಮ್ಮ ಸಾರಿಗೆ ಬಸ್ಸುಗಳನ್ನೇ ಆಟದೊಳಗೆ ತಂದಿದ್ದಾರೆ. ಈ ಹುಡುಗನಂತೂ ವಾಯವ್ಯ ಸಾರಿಗೆಯ ಬಸ್ಸಿಗೆ ತಾನೇ ಬಣ್ಣ ಬಳಿದು, ‘ಖಾನಾಪುರ – ಬೀಡಿ’ ಎಂದು ಕನ್ನಡದಲ್ಲಿ ಬೋರ್ಡು ಬರೆದಿದ್ದ. ಅದನ್ನು ನೋಡಿದ ಮೇಲೆ, ಹುಡುಗ ಬರೀ ಕಾಲ ಕಳೆಯುತ್ತಿದ್ದಾನೆ ಎಂಬ ಮಾತನ್ನು ನಾನು ಒಪ್ಪಲಿಲ್ಲ. ಆದರೆ ಒಟ್ಟು 128 ಮಾಡ್‌ಗಳನ್ನು ಹೇರಿದ್ದ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ದಿನ್ನೆ ಹತ್ತುವ ಟ್ರ್ಯಾಕ್ಟರನ್ನು ನೆನಪಿಸಿಕೊಳ್ಳಿ. ಯಂತ್ರದ ಅವಸ್ಥೆ ಅದೇ ಆಗಿತ್ತು.

“ಒಂದು ರೂಪಾಯಿ ಖರ್ಚು ಮಾಡುವ ಮೊದಲು ನೋಟ್‌ಬುಕ್ ತಗೋ” ಎಂದೆ. ಪ್ರಯೋಗಶಾಲೆಯ ನಿಯಮವೇ ಇಲ್ಲೂ ನಿಯಮ: ಮೊದಲು ಅಳತೆ, ಆಮೇಲೆ ಬದಲಾವಣೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲವೂ ಅದೇ ದಾರಿಯಲ್ಲಿ ಅದೇ ಬಸ್ಸನ್ನು ಹದಿನೈದು ನಿಮಿಷ ಓಡಿಸಿ ಬರೆದಿಡಬೇಕು. ಮೊದಲ ದಿನದ ಲೆಕ್ಕ ಹೀಗಿತ್ತು: ಪರದೆಯ ಮೇಲೆ ಸೆಕೆಂಡಿಗೆ 14ರಿಂದ 18 ಚಿತ್ರ, 4 ಜಿಬಿ ಮೆಮೊರಿ ಪೂರ್ತಿ ಭರ್ತಿ, ಹಾರ್ಡ್ ಡಿಸ್ಕ್ ಸದಾ ಶೇಕಡಾ 100 ಕೆಲಸದಲ್ಲಿ, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪ್ರೊಸೆಸರಿನ ಉಷ್ಣತೆ 100 ಡಿಗ್ರಿಯ ಸಮೀಪ.

ಉಷ್ಣತೆಯ ಕಾರಣ ಡಬ್ಬಿ ಬಿಚ್ಚಿದೊಡನೆ ಕಂಡಿತು. ಗಿರಣಿಗೆ ಅಂಟಿದ ಕೋಣೆಯಲ್ಲವೇ? ಹನ್ನೊಂದು ವರ್ಷದ ಜೋಳದ ಹಿಟ್ಟು ಫ್ಯಾನಿನ ಕೆಳಗೆ ಕೂತು, ನಮ್ಮೂರ ಮಳೆಗಾಲದ ತೇವಕ್ಕೆ ರೊಟ್ಟಿಯಂತೆ ಹೆಪ್ಪುಗಟ್ಟಿತ್ತು! ಪ್ರೊಸೆಸರ್ ತೀರಾ ಬಿಸಿಯಾದಾಗ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ತಂತಿ ಕಿತ್ತಿಟ್ಟು, ಲೋಹದ ಮೈಯನ್ನು ಮುಟ್ಟಿ ನಮ್ಮ ಕೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದೆವು. ಹಳೆಯ ಥರ್ಮಲ್ ಪೇಸ್ಟ್ ಒಣಗಿ ಮಣ್ಣಾಗಿತ್ತು, ಹೊಸದು ಹಚ್ಚಿದೆವು. ಎರಡು ಲೋಹಗಳನ್ನು ಎಷ್ಟೇ ಒತ್ತಿಟ್ಟರೂ ನಡುವೆ ಕಣ್ಣಿಗೆ ಕಾಣದ ಸಂದುಗಳಲ್ಲಿ ಗಾಳಿ ಉಳಿಯುತ್ತದೆ. ಗಾಳಿ ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ. ಆ ಸಂದು ತುಂಬುವುದೇ ಪೇಸ್ಟಿನ ಕೆಲಸ. ಮರುದಿನದ ಉಷ್ಣತೆ 68 ಡಿಗ್ರಿ. ಖರ್ಚು 150 ರೂಪಾಯಿ.

ಇನ್ನೊಂದು ಕಾಯಿಲೆ ಆಟದ್ದೂ ಅಲ್ಲ, ಗಣಕದ್ದೂ ಅಲ್ಲ. ಆಗಾಗ ಯಂತ್ರ ತಾನಾಗಿಯೇ ಆರಿ ಹೊತ್ತಿಕೊಳ್ಳುತ್ತಿತ್ತು. ಹುಡುಗ ಮಾಡ್‌ಗಳನ್ನು ಬೈಯುತ್ತಿದ್ದ. ವೇಳೆ ಬರೆದಿಟ್ಟು ನೋಡಿದರೆ, ಅಪ್ಪ ಗಿರಣಿ ಚಾಲೂ ಮಾಡುವ ಹೊತ್ತಿಗೇ ಇದು ಆಗುತ್ತಿತ್ತು. ಇಂಡಕ್ಷನ್ ಮೋಟಾರು ನಿಂತಲ್ಲಿಂದ ಎದ್ದು ತಿರುಗಲು ಎಂದಿನ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಆ ಕ್ಷಣ ಮನೆಯ ದೀಪ ಮಂಕಾಗುವುದನ್ನು ಎಲ್ಲರೂ ನೋಡಿದ್ದೇವೆ. ಯುಪಿಎಸ್ ಇತ್ತು, ಅದರ ಬ್ಯಾಟರಿ ಮಾತ್ರ ಸತ್ತು ಎಷ್ಟೋ ಕಾಲವಾಗಿತ್ತು. ಹೊಸ ಬ್ಯಾಟರಿಗೆ 950 ರೂಪಾಯಿ. ತಾಯಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂಜೆ ಗಿರಣಿ ನಿಂತ ಮೇಲೆಯೇ ಆಟ, ಅದೂ ಒಂದು ತಾಸು ಎಂದು ಕಾನೂನು ಮಾಡಿದರು. ವೋಲ್ಟೇಜಿಗೂ ಓದಿಗೂ ಇದರಿಂದ ಒಳ್ಳೆಯದಾಯಿತು.

ಇಷ್ಟಾದರೂ ಬಸ್ಸು ನಡುನಡುವೆ ಗಕ್ಕನೆ ನಿಲ್ಲುವುದು ತಪ್ಪಲಿಲ್ಲ. ಈ ಗಂಟು ಬಿಡಿಸಲು ಹತ್ತನೆಯ ತರಗತಿಯ ಗಣಿತ ಸಾಕು. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೆ ಮೊದಲು ತಲೆ ಸರಿಯಾದ ಜಾಗಕ್ಕೆ ಸರಿಯಬೇಕು. ಎರಡೂ ಸೇರಿ ಒಂದೊಂದು ಹುಡುಕಾಟಕ್ಕೆ ಸುಮಾರು 12 ಮಿಲಿಸೆಕೆಂಡು. ಸೆಕೆಂಡಿಗೆ 30 ಚಿತ್ರ ಬರಬೇಕಾದರೆ ಒಂದು ಚಿತ್ರಕ್ಕೆ ಸಿಗುವ ಕಾಲವೇ 33 ಮಿಲಿಸೆಕೆಂಡು! ಚಿತ್ರ ಬರೆಯುವ ಮೊದಲು ಮೂರು ಕಡೆ ಹುಡುಕಬೇಕಾಗಿ ಬಂದರೆ ಲೆಕ್ಕ ತಪ್ಪಿತು. ಮೇಲಾಗಿ ಮೆಮೊರಿ ತುಂಬಿದಾಗ ಗಣಕವು ಡಿಸ್ಕನ್ನೇ ಮೆಮೊರಿಯಂತೆ ಬಳಸಿಕೊಳ್ಳುತ್ತದೆ. ಕುಂಟನ ಹೆಗಲ ಮೇಲೆ ಇನ್ನೊಬ್ಬ ಕುಂಟ.

ಇದನ್ನು ಹೇಳುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ತಂದೆ, “ಮೋಟಾರು ಎಷ್ಟ್ ದೊಡ್ಡದಿದ್ರೇನ್ರಿ ಸರ್, ಮ್ಯಾಲಿಂದ ಕಾಳು ಇಳೀಬೇಕಲ್ಲ?” ಎಂದರು. ನಾನು ಅರ್ಧ ತಾಸು ಹೇಳಿದ್ದು ಇದನ್ನೇ.

ತಟ್ಟೆಯೂ ಇಲ್ಲದ, ತಿರುಗುವುದೂ ಇಲ್ಲದ ಎಸ್‌ಎಸ್‌ಡಿಯಲ್ಲಿ ಒಂದು ಹುಡುಕಾಟಕ್ಕೆ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ‘ಹಳೆಯ ಮದರ್‌ಬೋರ್ಡಿಗೆ ಎಸ್‌ಎಸ್‌ಡಿ ಹಾಕಿ ಪ್ರಯೋಜನವಿಲ್ಲ, ಪೂರ್ತಿ ವೇಗ ಸಿಗದು’ ಎನ್ನುವವರಿದ್ದಾರೆ. ಪೂರ್ತಿ ವೇಗ ಸಿಗದು, ನಿಜ. ಆದರೆ ಲಾಭವಿರುವುದು ಸಾಗಿಸುವ ವೇಗಕ್ಕಿಂತ ಹುಡುಕುವ ವೇಗದಲ್ಲಿ. 256 ಜಿಬಿಯದಕ್ಕೆ 1,700 ರೂಪಾಯಿ. ಬಳಸಿದ 8 ಜಿಬಿಯ ಎರಡು ಮೆಮೊರಿ ಕಡ್ಡಿಗಳಿಗೆ 1,600. ಆಟ ತೆರೆಯಲು ನಾಲ್ಕು ನಿಮಿಷ ಬೇಕಿದ್ದದ್ದು 50 ಸೆಕೆಂಡಿಗೆ ಇಳಿಯಿತು, ಗಕ್ಕನೆ ನಿಲ್ಲುವುದು ಬಹುಪಾಲು ಹೋಯಿತು. ವಿಚಿತ್ರವೆಂದರೆ ಎಸ್‌ಎಸ್‌ಡಿ ಹಾಕಿದ ದಿನ ಸರಾಸರಿ ಸಂಖ್ಯೆ ಹೆಚ್ಚೇನೂ ಏರಲಿಲ್ಲ, ಹುಡುಗನಿಗೆ ನಿರಾಸೆಯಾಯಿತು. ಸರಾಸರಿ ಎನ್ನುವುದೇ ಹಾಗೆ. ತರಗತಿಯ ಸರಾಸರಿ 60 ಎಂದು ವರದಿ ಕಳಿಸುವಾಗ ಸೊನ್ನೆ ತೆಗೆದ ಹುಡುಗ ಅದರಲ್ಲಿ ಕಾಣುವುದಿಲ್ಲ. ಆಟವನ್ನು ಕೆಡಿಸುವುದು ಆ ಸೊನ್ನೆ.

ಇಷ್ಟರ ನಂತರವೇ ಗ್ರಾಫಿಕ್ಸ್ ಕಾರ್ಡಿನ ಮಾತು. 2016ರಲ್ಲಿ ಬಂದ ಜಿಟಿಎಕ್ಸ್ 1050 ಟಿಐ, 4 ಜಿಬಿ, ಬಳಸಿದ್ದು, 5,500 ರೂಪಾಯಿ. ಅದನ್ನೇ ಆರಿಸಲು ಕಾರಣವಿತ್ತು: ಮದರ್‌ಬೋರ್ಡಿನ ಸ್ಲಾಟು ಕೊಡಬಲ್ಲ 75 ವಾಟ್‌ನಲ್ಲೇ ಅದು ನಡೆಯುತ್ತದೆ, ಬೇರೆ ತಂತಿ ಬೇಕಿಲ್ಲ. ಆದರೂ ಹನ್ನೊಂದು ಮಳೆಗಾಲ ಕಂಡ ಪವರ್ ಸಪ್ಲೈಯನ್ನು ನಂಬಲು ನನಗೆ ಮನಸ್ಸಾಗಲಿಲ್ಲ. ಅದು ಕೆಟ್ಟರೆ ಒಂಟಿಯಾಗಿ ಹೋಗದೆ ಉಳಿದವನ್ನೂ ಕರೆದುಕೊಂಡು ಹೋಗಬಹುದು. ಹೊಸದಕ್ಕೆ 2,400. ಒಟ್ಟು ಕೂಡಿಸಿದರೆ 12,300 ರೂಪಾಯಿ. ಸಂಘದ ಸಾಲದ ಅರ್ಜಿ ಕಪಾಟಿನಲ್ಲೇ ಉಳಿಯಿತು. ಸೆಕೆಂಡಿಗೆ 45ರಿಂದ 50 ಚಿತ್ರ ಬರತೊಡಗಿದವು.

ಹೊಸ ಕಾರ್ಡು ಬಂದ ಉತ್ಸಾಹದಲ್ಲಿ ಹುಡುಗ ಎಲ್ಲ ಚಿತ್ರಗಳಿಗೂ ‘4ಕೆ’ ಮಾಡ್ ಹಾಕಹೊರಟ. 2048 ಚುಕ್ಕೆ ಉದ್ದಗಲದ ಒಂದು ಚಿತ್ರಕ್ಕೆ, ಚುಕ್ಕೆಗೆ 4 ಬೈಟಿನಂತೆ, 16 ಎಂಬಿ ಬೇಕು. 4096ಕ್ಕೆ ಏರಿಸಿದರೆ 64 ಎಂಬಿ. ಚಿತ್ರವನ್ನು ಒತ್ತಿ ಚಿಕ್ಕದಾಗಿಸುವ ವಿಧಾನಗಳಿವೆ, ಆದರೂ ಈ ನಾಲ್ಕು ಪಟ್ಟು ತಪ್ಪದು. ಬದಿ ಇಮ್ಮಡಿಯಾದರೆ ಕ್ಷೇತ್ರಫಲ ನಾಲ್ಮಡಿ ಎಂದು ಪರೀಕ್ಷೆಯಲ್ಲಿ ಬರೆದವನೇ ಅವನು. ಬಸ್ಸಿನ ಬೋರ್ಡಿಗೆ ಮಾತ್ರ ದೊಡ್ಡ ಚಿತ್ರ, ದೂರದ ಗಿಡಮರಗಳಿಗೆ ಚಿಕ್ಕದು ಎಂದು ತೀರ್ಮಾನವಾಯಿತು.

ಒಂದು ಮಾಡ್ ಆಟವನ್ನೇ ಬೀಳಿಸುತ್ತಿತ್ತು. 128ರಲ್ಲಿ ಯಾವುದು? ಒಂದೊಂದಾಗಿ ತೆಗೆದು ನೋಡುತ್ತ ಕೂತರೆ ರಜೆ ಮುಗಿಯುತ್ತದೆ. ಅರ್ಧ ತೆಗೆದು ನೋಡು. ಕಳ್ಳ ಯಾವ ಅರ್ಧದಲ್ಲಿದ್ದಾನೋ ಅದನ್ನು ಮತ್ತೆ ಅರ್ಧ ಮಾಡು ಎಂದೆ. 64, 32, 16, 8, 4, 2, 1. ಏಳನೆಯ ಸಲಕ್ಕೆ ಸಿಕ್ಕಿತು: ಎಲ್ಲಿಂದಲೋ ಇಳಿಸಿಕೊಂಡ ಹಳೆಯ ಹಾರ್ನು! ಗೊತ್ತುಗುರಿಯಿಲ್ಲದ ಕಡೆಯಿಂದ ಇಳಿಸಿಕೊಂಡದ್ದರಲ್ಲಿ ವೈರಸ್ಸೂ ಇರಬಹುದು ಎಂಬುದನ್ನು ತಂದೆತಾಯಿಗಳೂ ತಿಳಿದಿರಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ರಕ್ಷಣೆಯ ಕಾಲವೂ ಮುಗಿಯಿತು. ಈ ಯಂತ್ರದ ಮೂರನೆಯ ತಲೆಮಾರಿನ ಪ್ರೊಸೆಸರಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ಈ ಆಟ ಲಿನಕ್ಸಿನಲ್ಲೂ ನಡೆಯುವುದರಿಂದ ಹುಡುಗ ಅತ್ತ ಹೊರಳಿದ್ದಾನೆ.

ಉಳಿದ ಕೊರತೆ ಪ್ರೊಸೆಸರಿನದು. ಅದೇ ಕಾಲದ ಐ7 ಸಿಗುತ್ತದೆ ಎಂದು ಒಬ್ಬರು ತೋರಿಸಿದರು. ಗರಿಷ್ಠ ವೇಗ 3.6 ಗಿಗಾಹರ್ಟ್ಸ್‌ನಿಂದ 3.9ಕ್ಕೆ, ಶೇಕಡಾ 8ರಷ್ಟು ಹೆಚ್ಚು. ಈ ಆಟದ ಹೆಚ್ಚಿನ ಹೊರೆ ಒಂದೇ ಕೋರಿನ ಮೇಲೆ ಬೀಳುವುದರಿಂದ ಹೆಚ್ಚು ಕೋರು, ಹೆಚ್ಚು ಎಳೆ ಎಂಬ ಆಕರ್ಷಣೆ ಇಲ್ಲಿ ಕೆಲಸಕ್ಕೆ ಬಾರದು, ಬೇಡವೆಂದೆ. ದೊಡ್ಡ ಊರಿನ ಸಂದಣಿಯಲ್ಲಿ ಈಗಲೂ ವೇಗ 30ರ ಸುತ್ತ ಇಳಿಯುತ್ತದೆ. ಬಸ್ಸಿನ ಪಕ್ಕದ ಕನ್ನಡಿಗಳೂ ಅದಕ್ಕೊಂದು ಕಾರಣ, ಏಕೆಂದರೆ ಕನ್ನಡಿಯಲ್ಲಿ ಕಾಣುವ ಹಿಂದಿನ ರಸ್ತೆಯನ್ನು ಗಣಕ ಇನ್ನೊಂದು ಸಲ ಬರೆಯಬೇಕು. ಅವನ್ನು ಪೂರ್ತಿ ಆರಿಸಿಬಿಡುತ್ತೇನೆ ಎಂದು ಹುಡುಗ ಹೊರಟಾಗ ತಂದೆ ಒಪ್ಪಲಿಲ್ಲ. “ಕನ್ನಡಿ ಇಲ್ದ ಬಸ್ ಹೆಂಗ ಹೊಡಿತೀಯೋ? ಹಿಂದ ಮಂದಿ ಇರ್ತಾರ” ಎಂದರು. ಸದ್ಯಕ್ಕೆ ಬೇರೆ ವಾಹನಗಳ ಸಂಖ್ಯೆ ಕಡಿಮೆ ಮಾಡಿ, ಕನ್ನಡಿಗಳನ್ನು ಮಧ್ಯಮ ದರ್ಜೆಯಲ್ಲಿ ಇಟ್ಟಿದ್ದಾನೆ.