ಹಳೆಯ ಪ್ಲೇಟು

ಅರಸೀಕೆರೆಯಲ್ಲಿ ನಾನು ಓದುತ್ತಿದ್ದ ಕಾಲದಲ್ಲಿ ನಮ್ಮ ಬೀದಿಯ ತುದಿಗೆ ಒಂದು ಸೈಕಲ್ ಶಾಪ್ ಇತ್ತು. ಅಂಗಡಿಯವರು ಪಂಕ್ಚರಾದ ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ಬಾಂಡಲಿಯಲ್ಲಿ ಅದ್ದಿ, ಗುಳ್ಳೆ ಏಳುವ ಜಾಗವನ್ನು ನಮಗೇ ತೋರಿಸಿದ ಮೇಲೆಯೇ ಪ್ಯಾಚ್ ಹಾಕುತ್ತಿದ್ದರು. ಎರಡು ತೂತಿದ್ದರೆ ಎರಡು ಕಡೆ ಗುಳ್ಳೆ. ನಂಬಿಕೆಯ ಮಾತೇ ಅಲ್ಲಿ ಏಳುತ್ತಿರಲಿಲ್ಲ. ಕಾರಿನ ರಿಪೇರಿಯಲ್ಲಿ ಇಂಥ ಗುಳ್ಳೆಗಳು ಕಾಣುವುದಿಲ್ಲ. ಬಾನೆಟ್ಟಿನ ಕೆಳಗೆ ನಡೆಯುವುದೆಲ್ಲ ನಮ್ಮಂಥವರಿಗೆ ಗರ್ಭಗುಡಿಯೊಳಗಿನ ಪೂಜೆಯಂತೆ. ಗಂಟೆಯ ಸದ್ದು ಕೇಳುತ್ತದೆ, ದಕ್ಷಿಣೆ ಕೊಟ್ಟು ಬರುತ್ತೇವೆ.

ದೆಹಲಿಯ ರಾಮಕೃಷ್ಣಪುರಂನ ಸರ್ಕಾರಿ ವಸತಿಗೃಹದಲ್ಲಿ ನನ್ನ ವಾಸ. ಕಚೇರಿಯಲ್ಲಿ ಮಾಡುವುದು ಲೆಕ್ಕಪರಿಶೋಧನೆ. ವೋಚರ್ ಇಲ್ಲದ ಖರ್ಚು, ಲಾಗ್ ಬುಕ್ಕಿನಲ್ಲಿ ನಮೂದಾಗದ ಪೆಟ್ರೋಲು, ಬದಲಾಯಿಸಿದ ಬಿಡಿಭಾಗ ದಾಸ್ತಾನಿಗೆ ಮರಳದಿರುವುದು, ಇವೆಲ್ಲದರ ಮೇಲೆ ಆಕ್ಷೇಪ ಬರೆಯುತ್ತ ಕೂದಲು ನರೆತಿದೆ.

ಕಳೆದ ಚಳಿಗಾಲದಲ್ಲಿ ನನ್ನ ಹಳೆಯ ಕಾರು ಮೇಲ್ಸೇತುವೆ ಏರುವಾಗ ಎಂಜಿನ್ ಬೊಬ್ಬಿಟ್ಟರೂ ವೇಗ ಹಿಡಿಯದಾಯಿತು. ಹತ್ತಿರದ ಗ್ಯಾರೇಜಿಗೆ ಒಯ್ದೆ. ಮಾಲೀಕ ಚಹಾ ತರಿಸಿದ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಇಡೀ ಸೆಟ್ಟನ್ನೇ ಬದಲಿಸಬೇಕೆಂದ. ಸಂಜೆ 8,500 ರೂಪಾಯಿ ಕೇಳಿ, “ಪಕ್ಕಾ ಬಿಲ್ ಬೇಕೆಂದರೆ ಜಿಎಸ್‌ಟಿ ಬೇರೆ, ಸಾಹೇಬರೇ” ಎಂದು ನಕ್ಕ. ನಾನೂ ನಕ್ಕೆ. ನಗದು ಎಣಿಸಿ ಕೊಟ್ಟು, ಸಿಗರೇಟ್ ಪ್ಯಾಕಿನ ಹಿಂದೆ ಗೀಚಿದ ಮೊತ್ತವನ್ನು ನೋಡಿ ತೃಪ್ತನಾದೆ.

ಹೊರಡುವಾಗ, ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದ ಹುಡುಗನೊಬ್ಬ ತಲೆ ಎತ್ತದೆಯೇ, “ಸಾಬ್, ಪುರಾನಾ ಮಾಲ್ ಲೇ ಜಾಯಿಯೇ” ಎಂದ. ಹಳೆಯ ಸಾಮಾನು ಒಯ್ಯಿರಿ ಎಂದರೆ ಆ ಗುಜರಿ ನನಗೇಕೆ ಎಂದುಕೊಂಡು ಕಾರು ಹತ್ತಿದೆ.

ಒಂದೂವರೆ ತಿಂಗಳಿಗೆ ಅದೇ ಕಾಯಿಲೆ ಮರುಕಳಿಸಿತು. ಈ ಸಲ ಸಹೋದ್ಯೋಗಿಯೊಬ್ಬರು ಹೇಳಿದ ವೃದ್ಧ ಸರ್ದಾರ್ಜಿಯೊಬ್ಬರ ಬಳಿಗೆ ಹೋದೆ. ಅವರು ನನ್ನೆದುರೇ ಗೇರ್ ಬಾಕ್ಸ್ ಇಳಿಸಿ ಪ್ಲೇಟನ್ನು ಕೈಗಿತ್ತರು. ಲೈನಿಂಗ್ ರಿವೆಟ್ಟಿನವರೆಗೆ ಸವೆದಿತ್ತು. “ಇದನ್ನು ಯಾರೂ ಮುಟ್ಟಿಯೇ ಇಲ್ಲ, ಕೇಬಲ್ಲನ್ನಷ್ಟೇ ಸರಿಹೊಂದಿಸಿ ಕಳಿಸಿದ್ದಾರೆ” ಎಂದರು. ಆ ಕ್ಷಣದಲ್ಲಿ ಹುಡುಗನ ಮಾತಿನ ಅರ್ಥ ಹೊಳೆಯಿತು.

ಕೋಪದಿಂದಲೇ ಮೊದಲಿನ ಗ್ಯಾರೇಜಿಗೆ ಹೋದೆ. ಮಾಲೀಕ ದನಿ ಏರಿಸಲಿಲ್ಲ. “ನಾವು ಹಾಕಿದ್ದೇ ಹೊಸದು. ಬಿಲ್ ತೋರಿಸಿ” ಎಂದ. ಸಾವಿರಾರು ಕಡತಗಳಲ್ಲಿ ನಾನು ಬರೆದಿದ್ದ ವಾಕ್ಯವದು. ಹಿಂದೆ ಸ್ಪ್ಯಾನರ್ ಹಿಡಿದು ನಿಂತಿದ್ದ ಹುಡುಗ ನನ್ನನ್ನೇ ನೋಡುತ್ತಿದ್ದ. ನನ್ನ ಪಾಲಿಗಿದ್ದ ಏಕೈಕ ಸಾಕ್ಷಿ ಅವನು. ಅವನ ಹೆಸರೆತ್ತಿದ್ದರೆ ನನಗೆ ಹಣ ಮರಳುತ್ತಿತ್ತೋ ಇಲ್ಲವೋ, ಅವನ ಅನ್ನವಂತೂ ಹೋಗುತ್ತಿತ್ತು. ಸುಮ್ಮನೆ ಹಿಂದಿರುಗಿದೆ.

ಗ್ರಾಹಕರ ಸಹಾಯವಾಣಿ 1915 ಇದೆ. 2019ರ ಕಾಯ್ದೆಯಡಿ ಜಿಲ್ಲಾ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಆದರೆ ಬಿಲ್ಲನ್ನು ಬೇಡವೆಂದವನು ಯಾವ ಮುಖ ಹೊತ್ತು ಆಯೋಗದ ಮೆಟ್ಟಿಲು ಹತ್ತುವುದು? ಎಂ.ಎ. ತರಗತಿಯಲ್ಲಿ ಚಾಸರನ ಗಿರಣಿಗಾರನನ್ನು ಓದಿ ನಕ್ಕಿದ್ದೆ: ಧಾನ್ಯವನ್ನು ಕದ್ದು, ಬೀಸುವ ಕೂಲಿಯನ್ನು ಮೂರು ಪಟ್ಟು ವಸೂಲು ಮಾಡುತ್ತಿದ್ದ ಆಸಾಮಿ. ಅಲ್ಲಿ ಧಾನ್ಯ ತಂದವರು ಪಾಪ ನಿರಪರಾಧಿಗಳು. ನಾನಾದರೋ ಸರ್ಕಾರಕ್ಕೆ ಸಲ್ಲಬೇಕಾದ ತೆರಿಗೆಯನ್ನು ಉಳಿಸಿಕೊಳ್ಳಲು ಹೋಗಿ ಮೋಸ ಹೋದವನು. ಅವನ ಕಳ್ಳತನಕ್ಕೆ ಬಾಗಿಲು ತೆರೆದದ್ದು ನನ್ನ ಸಣ್ಣ ಕಳ್ಳತನವೇ.

ಈಗ ಕಾರು ಬಿಡುವ ಮೊದಲೇ ಅಂದಾಜು ವೆಚ್ಚವನ್ನು ಬರೆಸಿಕೊಳ್ಳುತ್ತೇನೆ. ತೆಗೆದ ಭಾಗಗಳನ್ನೆಲ್ಲ ಮರಳಿ ಕೊಡಬೇಕೆಂದು ಆಗಲೇ ಹೇಳುತ್ತೇನೆ. ತೆರಿಗೆ ಸಹಿತ ಬಿಲ್ ಪಡೆಯುತ್ತೇನೆ. ಸರ್ದಾರ್ಜಿ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಟ್ಟ ಆ ಪ್ಲೇಟು ನಮ್ಮ ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕದಲ್ಲಿದೆ. ಗುಜರಿಯವನಿಗೆ ಹಾಕಬಾರದೇ ಎಂದು ಹೆಂಡತಿ ಆಗಾಗ ಕೇಳುತ್ತಾಳೆ. ಇರಲಿ ಎನ್ನುತ್ತೇನೆ. ಆ ಹುಡುಗನಿಗೆ ನಾನು ಒಂದು ಕೃತಜ್ಞತೆಯ ಮಾತನ್ನೂ ಹೇಳಲಾಗಲಿಲ್ಲ.